ಲಿಫ್ಟ್ ಕಿಟ್ ಹಾಕಿಸಿದ ಮೇಲೆ ಸ್ಟಿಯರಿಂಗ್ ನಡುಗಿದರೆ: ದೋಷ ಹುಡುಕುವ ದಾರಿ

ಭರಮಸಾಗರ ದಾಟಿ ದಾವಣಗೆರೆಯ ಕಡೆಗೆ ಹೋಗುತ್ತಿದ್ದೆ. ಬೆಳಗಿನ ಹೊತ್ತು, ಗಂಟೆಗೆ 70 ಕಿ.ಮೀ. ವೇಗ, ಹೆದ್ದಾರಿ ಹೆಚ್ಚುಕಡಿಮೆ ಖಾಲಿ. ಸೇತುವೆಯ ತುಂಡುಗಳು ಕೂಡುವ ಜೋಡುಪಟ್ಟಿಯ ಮೇಲೆ ಎಡಗಡೆಯ ಚಕ್ರ ಹಾಯ್ದ ಮರುಕ್ಷಣವೇ ಸ್ಟಿಯರಿಂಗ್ ಎಡಕ್ಕೂ ಬಲಕ್ಕೂ ಬಡಿದುಕೊಳ್ಳತೊಡಗಿತು. ಎರಡೂ ಕೈಯಿಂದ ಬಿಗಿಹಿಡಿದರೂ ನಿಲ್ಲಲಿಲ್ಲ. ಕಾಲು ತೆಗೆದು ವೇಗ 40ಕ್ಕೆ ಇಳಿದ ಮೇಲಷ್ಟೇ ಗಾಡಿ ಶಾಂತವಾಯಿತು. ಅದಕ್ಕೆ 50 ಮಿ.ಮೀ. ಲಿಫ್ಟ್ ಕಿಟ್ (ಗಾಡಿಯನ್ನು ಅಷ್ಟು ಎತ್ತರಿಸುವ ಸ್ಪ್ರಿಂಗ್, ಶಾಕ್ ಅಬ್ಸಾರ್ಬರುಗಳ ಸೆಟ್) ಹಾಕಿಸಿ ಅಂದಿಗೆ ಹತ್ತು ದಿನವಾಗಿತ್ತು.

ಮುಂದಿನ ಮೂರು ವಾರಗಳಲ್ಲಿ ಚಕ್ರಗಳ ಬ್ಯಾಲೆನ್ಸಿಂಗ್ ಆಯಿತು, ಅಲೈನ್‌ಮೆಂಟ್ ಎರಡು ಸಲ ಆಯಿತು, ಕಿಟ್ ಹಾಕಿದ ಅಂಗಡಿಯವರ ಮಾತು ಕೇಳಿ ಅದುರನ್ನು ತಗ್ಗಿಸುವ ಹೊಸ ಸ್ಟಿಯರಿಂಗ್ ಡ್ಯಾಂಪರ್ ಕೂಡ ಬಂತು. ಡ್ಯಾಂಪರ್ ಹಾಕಿದ ಮೇಲೆ ಹದಿನೈದು ದಿನ ನಡುಕ ಇರಲಿಲ್ಲ. ಆಮೇಲೆ ಮೊದಲಿಗಿಂತ ಜೋರಾಗಿ ಮರಳಿತು. ಕೊನೆಗೆ ಚಿತ್ರದುರ್ಗದಲ್ಲಿ ಲಾರಿಗಳ ಮುಂಭಾಗದ ಕೆಲಸವನ್ನೇ ಜೀವನವಿಡೀ ಮಾಡಿಕೊಂಡು ಬಂದ ಹಿರಿಯ ಮೇಸ್ತ್ರಿಯೊಬ್ಬರ ಬಳಿ ಹೋದೆ. ಅವರು ಗಾಡಿಯ ಕೆಳಗೆ ಬಗ್ಗುವ ಮೊದಲೇ ಕೇಳಿದರು: “ಯಜಮಾನರೇ, ಎತ್ತರಿಸುವ ಮುಂಚೆ ಯಾವುದು ಎಲ್ಲಿತ್ತು ಎಂದು ಅಳೆದು ಬರೆದಿಟ್ಟಿದ್ದೀರಾ?”

ಅಳೆದಿರಲಿಲ್ಲ. ನಡುಗುತ್ತಿರುವುದು ಸ್ಟಿಯರಿಂಗ್ ಆದರೂ ದೋಷ ಇದ್ದದ್ದು ಕಿಟ್ ಬದಲಾಯಿಸಿದ ಕೋನಗಳಲ್ಲಿ. ಆ ಕೋನಗಳನ್ನು ಒಂದೊಂದಾಗಿ ಹಿಡಿದು ಹಿಂದಕ್ಕೆ ಹೋಗುವ ಕ್ರಮವನ್ನು ಅವರಿಂದ ಕಲಿತೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಿಟ್ ಕೊಳ್ಳುವ ಮೊದಲೇ ಇದನ್ನು ಓದಿದವರಿಗೆ ಹೆಚ್ಚು ಲಾಭ, ಏಕೆಂದರೆ ದೋಷ ಹುಡುಕುವ ಅಳತೆಯೂ ಕಿಟ್ ಆರಿಸುವ ಅಳತೆಯೂ ಒಂದೇ.

ನನ್ನ ಗಾಡಿಗೆ ಮುಂದೆಯೂ ಹಿಂದೆಯೂ ಇಡೀ ಆಕ್ಸಲ್ (ಎಡಬಲದ ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಅಚ್ಚು), ನಾಲ್ಕೂ ಕಡೆ ಕಾಯಿಲ್ ಸ್ಪ್ರಿಂಗ್. ಹೊಳಲ್ಕೆರೆ ಕಡೆಯ ಅಡಿಕೆ ತೋಟಕ್ಕೆ ಹೋಗುವ ಎರೆಮಣ್ಣಿನ ದಾರಿಯಲ್ಲಿ ಮಳೆಗಾಲದಲ್ಲಿ ಟ್ರ್ಯಾಕ್ಟರ್ ಗಾಲಿಗಳು ಕೊರೆದ ಜಾಡಿನ ನಡುವಿನ ದಿಬ್ಬಕ್ಕೆ ಗಾಡಿಯ ಹೊಟ್ಟೆ ತಗುಲುತ್ತಿತ್ತು. ಎತ್ತರಿಸುವ ಯೋಚನೆ ಹುಟ್ಟಿದ್ದು ಅಲ್ಲಿಂದಲೇ.

ಮೊದಲು ಅಳತೆ

ಸಮತಟ್ಟಾದ ನೆಲ ಬೇಕು. ನಾನು ಅಡಿಕೆ ಒಣಗಿಸುವ ಸಿಮೆಂಟ್ ಅಂಗಳವನ್ನು ಬಳಸಿದೆ. ಗಾರೆ ಕೆಲಸದವರ ನೀರು ತುಂಬಿದ ಪಾರದರ್ಶಕ ಪೈಪಿನಿಂದ ನಾಲ್ಕು ಚಕ್ರ ನಿಲ್ಲುವ ಜಾಗಗಳ ಮಟ್ಟ ನೋಡಿಕೊಂಡೆ. ಚಕ್ರಗಳಿಗೆ ಸರಿಯಾದ ಗಾಳಿ ಇರಲಿ, ಗಾಡಿಯಲ್ಲಿ ದಿನನಿತ್ಯದ ಸಾಮಾನಷ್ಟೇ ಇರಲಿ. ಜಾಕ್‌ನಿಂದ ಇಳಿಸಿದ ಗಾಡಿಯನ್ನು ಹಾಗೆಯೇ ಅಳೆಯಬಾರದು. ನಾಲ್ಕು ಮಾರು ಮುಂದೆ ಹಿಂದೆ ಓಡಿಸಿ ಸ್ಪ್ರಿಂಗ್ ತನ್ನ ಜಾಗಕ್ಕೆ ಕೂತ ಮೇಲೆ ಅಳೆಯಬೇಕು.

ನೆಲದಿಂದ ಫೆಂಡರಿನವರೆಗೆ ಅಳೆದರೆ ಟೈರಿನ ಸವೆತವೂ ಗಾಳಿಯೂ ಲೆಕ್ಕ ಕೆಡಿಸುತ್ತವೆ. ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಫೆಂಡರಿನ ಅಂಚಿನವರೆಗೆ ಅಳೆಯಿರಿ. ನಾಲ್ಕೂ ಸಂಖ್ಯೆಗಳನ್ನು ಬರೆದುಕೊಳ್ಳಿ. ಎಡಬಲದ ನಡುವೆ 10 ಮಿ.ಮೀ.ಗಿಂತ ಹೆಚ್ಚು ಅಂತರವಿದ್ದರೆ ಸ್ಪ್ರಿಂಗುಗಳು ಅದಲುಬದಲಾಗಿವೆಯೇ, ತಳದ ಬಟ್ಟಲಿನಲ್ಲಿ ಸರಿಯಾಗಿ ಕೂತಿವೆಯೇ ಎಂದು ಮೊದಲು ನೋಡಬೇಕು. ಕೆಲವು ಕಿಟ್‌ಗಳಲ್ಲಿ ಚಾಲಕನ ಬದಿಯ ಸ್ಪ್ರಿಂಗ್ ಬೇರೆಯೇ ಇರುತ್ತದೆ, ಅದರ ಮೇಲೆ ಗುರುತು ಇರುತ್ತದೆ.

ಇನ್ನೊಂದು ಅಳತೆಗೆ ತೂಗುಗುಂಡು ಬೇಕು. ಫೆಂಡರಿನ ಅಂಚಿನಿಂದ ದಾರ ಇಳಿಬಿಟ್ಟು, ದಾರದಿಂದ ರಿಮ್ಮಿನವರೆಗಿನ ಅಡ್ಡ ದೂರವನ್ನು ಎರಡೂ ಬದಿಯಲ್ಲಿ ಅಳೆಯಿರಿ. ಎರಡರ ವ್ಯತ್ಯಾಸದ ಅರ್ಧದಷ್ಟು ಆಕ್ಸಲ್ ಪಕ್ಕಕ್ಕೆ ಸರಿದಿದೆ ಎಂದರ್ಥ. ಕಾಯಿಲ್ ಸ್ಪ್ರಿಂಗಿನ ಇಡೀ ಆಕ್ಸಲ್ಲನ್ನು ಅಡ್ಡಡ್ಡ ಹಿಡಿದಿರುವುದು ಪ್ಯಾನ್‌ಹಾರ್ಡ್ ರಾಡ್. ಅದರ ಒಂದು ತುದಿ ಚಾಸಿಯಲ್ಲಿ (ಗಾಡಿಯ ತಳದ ಚೌಕಟ್ಟು), ಇನ್ನೊಂದು ಆಕ್ಸಲ್‌ನಲ್ಲಿ. ಚಾಸಿ ಮೇಲೇರಿದರೆ ರಾಡ್ ಹೆಚ್ಚು ಓರೆಯಾಗಿ ಆಕ್ಸಲ್ಲನ್ನು ತನ್ನ ಚಾಸಿ ತುದಿಯ ಕಡೆಗೆ ಎಳೆದುಕೊಳ್ಳುತ್ತದೆ. 800 ಮಿ.ಮೀ. ಉದ್ದದ ರಾಡಿನ ಎರಡು ತುದಿಗಳ ಎತ್ತರದ ಅಂತರ 50ರಿಂದ 100 ಮಿ.ಮೀ.ಗೆ ಏರಿದರೆ ಆಕ್ಸಲ್ ಸರಿಯುವುದು ಸುಮಾರು 5 ಮಿ.ಮೀ. ಅಷ್ಟಕ್ಕೇ ಗಾಡಿ ಕೆಡುವುದಿಲ್ಲ. ಆದರೆ 10, 12 ಮಿ.ಮೀ. ಬಂದರೆ ಉದ್ದ ಹೊಂದಿಸಬಲ್ಲ ರಾಡ್ ಬೇಕು.

ನಡುಕದ ಬಗೆ ಗುರುತಿಸುವುದು

ಗಾಡಿ ನಡುಗುತ್ತದೆ ಎಂದು ಹೇಳಿದರೆ ಮೇಸ್ತ್ರಿಗೆ ಏನೂ ತಿಳಿಯುವುದಿಲ್ಲ. ಯಾವಾಗ, ಎಷ್ಟು ವೇಗದಲ್ಲಿ, ಯಾವುದರಲ್ಲಿ ಎಂಬ ಮೂರನ್ನು ಹೇಳಬೇಕು.

ಗುಂಡಿಗೋ ಜೋಡುಪಟ್ಟಿಗೋ ಒಂದು ಚಕ್ರ ಬಿದ್ದಾಗ ಶುರುವಾಗಿ, ವೇಗ ತಗ್ಗಿಸುವವರೆಗೆ ನಿಲ್ಲದೆ ಸ್ಟಿಯರಿಂಗ್ ಬಡಿದುಕೊಂಡರೆ ಅದು ಇಡೀ ಆಕ್ಸಲ್ ಗಾಡಿಗಳ ಮುಂಭಾಗದ ದೋಷ. ಗುಂಡಿ ಬರೀ ಕಿಡಿ ಹಚ್ಚುತ್ತದೆ, ಬೆಂಕಿಗೆ ಸೌದೆ ಒದಗಿಸುವುದು ಎಲ್ಲೋ ಇರುವ ಸಡಿಲ. ಹೀಗಾದಾಗ ಬ್ರೇಕನ್ನು ಜೋರಾಗಿ ಒತ್ತಬಾರದು, ಸ್ಟಿಯರಿಂಗಿನ ಜೊತೆ ಜಗಳಕ್ಕೂ ಇಳಿಯಬಾರದು. ಬಿಗಿಯಾಗಿ ಹಿಡಿದು, ಕಾಲು ತೆಗೆದು, ನಿಧಾನವಾಗಿ ಎಡಕ್ಕೆ ತರಬೇಕು. ದೋಷ ಸಿಗುವವರೆಗೆ ಹೆದ್ದಾರಿಗೆ ಹೋಗಬಾರದು.

ಗುಂಡಿಯ ಹಂಗಿಲ್ಲದೆ ಒಂದೇ ವೇಗದಲ್ಲಿ ಬಂದು, ಅದನ್ನು ದಾಟಿದರೆ ಹೋಗುವ ಕುಲುಕಾಟ ಬಹುತೇಕ ಚಕ್ರದ್ದು. ಖರ್ಚಿಲ್ಲದ ಪರೀಕ್ಷೆ ಇದೆ: ಮುಂದಿನ ಎರಡು ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ ಅದೇ ರಸ್ತೆಯಲ್ಲಿ ಓಡಿಸಿ. ಕುಲುಕಾಟ ಸ್ಟಿಯರಿಂಗಿನಿಂದ ಸೀಟಿಗೆ ಹೋದರೆ ದೋಷ ಟೈರಿನಲ್ಲೋ ರಿಮ್ಮಿನಲ್ಲೋ ಇದೆ.

ಮೂರನೆಯದು ಗುಂಯ್ ಎನ್ನುವ ಕಂಪನ. ಇದು ನೆಲಹಾಸಿನಲ್ಲಿ, ಗೇರ್ ಕಡ್ಡಿಯಲ್ಲಿ ತಿಳಿಯುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಒಂದು ತರಹ, ಬಿಟ್ಟಾಗ ಇನ್ನೊಂದು ತರಹ. ಇದು ಆಕ್ಸಲ್‌ಗೆ ಇಂಜಿನ್ನಿನ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನದು. ಲೆಕ್ಕ ಹಾಕಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ: 693 ಮಿ.ಮೀ. ವ್ಯಾಸದ ಟೈರ್ 80 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 10 ಸುತ್ತು ತಿರುಗುತ್ತದೆ. ಆಕ್ಸಲ್ಲಿನ ಗೇರ್ ಅನುಪಾತ 4 ಎಂದಿಟ್ಟುಕೊಂಡರೆ ಶಾಫ್ಟ್ 40 ಸುತ್ತು ತಿರುಗುತ್ತದೆ. ಹತ್ತರದ್ದು ಕೈಗೆ ಕುಲುಕಾಟ, ನಲವತ್ತರದ್ದು ಕಾಲಿಗೆ ಝೇಂಕಾರ.

ಶಾಫ್ಟಿನ ಎರಡು ತುದಿಯ ಕ್ರಾಸ್ ಜಾಯಿಂಟುಗಳ ಕೋನ ಒಂದೇ ಇದ್ದಾಗ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಎತ್ತರಿಸಿದಾಗ ಈ ಸಮ ತಪ್ಪುತ್ತದೆ. ಬೇಕಾದಾಗ ಮಾತ್ರ ನಾಲ್ಕು ಚಕ್ರಕ್ಕೆ ಹಾಕಿಕೊಳ್ಳುವ ಗಾಡಿಯಾದರೆ ಮುಂದಿನ ಶಾಫ್ಟನ್ನು ಬಿಚ್ಚಿಟ್ಟು ಓಡಿಸಿ ನೋಡಬಹುದು. ಕಂಪನ ಹೋದರೆ ಮುಂದಿನದು, ಉಳಿದರೆ ಹಿಂದಿನದು. ಬಿಚ್ಚುವ ಮೊದಲು ಫ್ಲ್ಯಾಂಜ್‌ಗಳೆರಡರ ಮೇಲೂ ಬಣ್ಣದ ಗೆರೆ ಎಳೆದುಕೊಳ್ಳಿ, ಜೋಡಿಸುವಾಗ ಗೆರೆಗೆ ಗೆರೆ ಸೇರಬೇಕು.

ನಾಲ್ಕನೆಯದು ನಡುಕವೇ ಅಲ್ಲ, ಅಲೆದಾಟ. ಸ್ಟಿಯರಿಂಗ್ ತೀರಾ ಹಗುರ, ತಿರುವಿನಿಂದ ತಾನಾಗಿ ನೇರವಾಗುವುದಿಲ್ಲ, ಎದುರಿನಿಂದ ಲಾರಿ ಹಾಯ್ದರೆ ಗಾಡಿ ತಪ್ಪಿ ಹೋದಂತಾಗುತ್ತದೆ. ನನಗೆ ಇದು ಮೊದಲ ದಿನದಿಂದಲೇ ಇತ್ತು. ಹೊಸ ಸ್ಪ್ರಿಂಗ್ ಅಲ್ಲವೇ, ಹೊಂದಿಕೊಳ್ಳುತ್ತದೆ ಎಂದುಕೊಂಡು ಬಿಟ್ಟೆ. ಅಲ್ಲೇ ನಿಂತು ಕೇಳಿದ್ದರೆ ಭರಮಸಾಗರದ ಆ ಬೆಳಗು ಬರುತ್ತಿರಲಿಲ್ಲ.

ಕ್ಯಾಸ್ಟರ್: ನನ್ನ ಗಾಡಿಯ ಮೂಲ ದೋಷ

ಸೈಕಲ್ಲಿನ ಮುಂದಿನ ಫೋರ್ಕ್ ನೆಟ್ಟಗೆ ನಿಂತಿರುವುದಿಲ್ಲ, ಮೇಲ್ತುದಿ ಸವಾರನ ಕಡೆಗೆ ವಾಲಿರುತ್ತದೆ. ಕೈಬಿಟ್ಟರೂ ಸೈಕಲ್ ನೇರ ಓಡುವುದಕ್ಕೆ ಅದೂ ಒಂದು ಕಾರಣ. ಗಾಡಿಯ ಮುಂದಿನ ಚಕ್ರಗಳು ತಿರುಗುವ ಅಚ್ಚಿಗೂ ಇಂಥದೇ ಓರೆ ಇದೆ, ಅದೇ ಕ್ಯಾಸ್ಟರ್. ಮುಂದಿನ ಆಕ್ಸಲ್ಲನ್ನು ಚಾಸಿಗೆ ಜೋಡಿಸುವ ಎರಡು ಉದ್ದ ತೋಳುಗಳು ಆಕ್ಸಲ್‌ಗೆ ಬಿಗಿಯಾಗಿ ಕಚ್ಚಿಕೊಂಡಿರುವ ವಿನ್ಯಾಸದಲ್ಲಿ, ಚಾಸಿ ಮೇಲೇರಿದಷ್ಟೂ ತೋಳು ಓರೆಯಾಗುತ್ತದೆ, ತೋಳಿನ ಜೊತೆ ಆಕ್ಸಲ್ ಮುಂದಕ್ಕೆ ಹೊರಳುತ್ತದೆ, ಕ್ಯಾಸ್ಟರ್ ಕರಗುತ್ತದೆ. ತೋಳಿನ ಉದ್ದ 700 ಮಿ.ಮೀ. ಇದ್ದರೆ 50 ಮಿ.ಮೀ. ಎತ್ತರಕ್ಕೆ ಸುಮಾರು 4 ಡಿಗ್ರಿ ಹೋಗುತ್ತದೆ, 30 ಮಿ.ಮೀ.ಗೆ ಸುಮಾರು ಎರಡೂವರೆ ಡಿಗ್ರಿ. ಎಷ್ಟೋ ಗಾಡಿಗಳಲ್ಲಿ ಇರುವುದೇ ಎರಡು ಮೂರು ಡಿಗ್ರಿ.

ನನ್ನ ಅಲೈನ್‌ಮೆಂಟ್ ಚೀಟಿಯನ್ನು ಮೇಸ್ತ್ರಿ ಕೇಳಿ ಪಡೆದು ಓದಿದರು. ಕ್ಯಾಸ್ಟರ್ ಸೊನ್ನೆಗಿಂತ ಕೆಳಗಿತ್ತು. ಅಂಗಡಿಯವರು ಎರಡು ಸಲವೂ ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಒಂದನ್ನೇ ಸರಿಮಾಡಿ ಕಳುಹಿಸಿದ್ದರು. ಇಡೀ ಆಕ್ಸಲ್ ಗಾಡಿಯಲ್ಲಿ ಸ್ಪ್ಯಾನರ್‌ನಿಂದ ಹೊಂದಿಸಬಹುದಾದದ್ದು ಅದೊಂದೇ. ಕ್ಯಾಸ್ಟರ್ ತಿದ್ದಲು ತೂತು ನಡುವಿನಿಂದ ಪಕ್ಕಕ್ಕಿರುವ ಬುಷ್ (ಬೋಲ್ಟ್ ಕೂರುವ ರಬ್ಬರ್ ತುಂಡು) ಹಾಕಬೇಕು, ಇಲ್ಲವೇ ತಿದ್ದಿದ ತೋಳು ಹಾಕಬೇಕು, ಇಲ್ಲವೇ ತೋಳಿನ ಚಾಸಿ ತುದಿಯನ್ನು ಕೆಳಗಿಳಿಸುವ ಬ್ರಾಕೆಟ್ ಹಾಕಬೇಕು. ಇವುಗಳಲ್ಲಿ ಒಂದೂ ಇಲ್ಲದೆ ಬರೀ ನಾಲ್ಕು ಸ್ಪ್ರಿಂಗ್, ನಾಲ್ಕು ಶಾಕ್ ಮಾತ್ರ ಕೊಡುವ 50 ಮಿ.ಮೀ. ಕಿಟ್ ಇಂಥ ಗಾಡಿಗೆ ಅರ್ಧ ಕಿಟ್ ಎಂದೇ ನನ್ನ ತೀರ್ಮಾನ. ಬೆಲೆ ಕಡಿಮೆ ಕಾಣುವುದು ಅದಕ್ಕೇ.

ಕ್ಯಾಸ್ಟರ್ ಕಡಿಮೆಯಾದರೆ ಅಲೆದಾಟ ಬರುತ್ತದೆ. ಅದು ಬಡಿದಾಟವಾಗಬೇಕಾದರೆ ಜೊತೆಗೊಂದು ಸಡಿಲ ಬೇಕು. ಅದನ್ನು ಹುಡುಕಲು ಇಬ್ಬರು ಬೇಕು. ಚಕ್ರ ನೆಲದ ಮೇಲಿರಲಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಇಂಜಿನ್ ಚಾಲೂ ಮಾಡಿ. ಒಬ್ಬರು ಸ್ಟಿಯರಿಂಗನ್ನು ಅಂಗೈಯಗಲದಷ್ಟು ಎಡಬಲ ಆಡಿಸುತ್ತಲೇ ಇರಬೇಕು. ಇನ್ನೊಬ್ಬರು ಮುಂದಿನಿಂದ ಬಗ್ಗಿ, ಪ್ರತಿ ಜೋಡಣೆಯ ಮೇಲೂ ಬೆರಳಿಟ್ಟು ನೋಡಬೇಕು: ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡಿನ ತುದಿಗಳು, ಸ್ಟಿಯರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ಡ್ರ್ಯಾಗ್ ಲಿಂಕ್, ಸ್ಟಿಯರಿಂಗ್ ಬಾಕ್ಸಿನ ಬೋಲ್ಟುಗಳು, ಎಲ್ಲಕ್ಕಿಂತ ಮುಖ್ಯವಾಗಿ ಪ್ಯಾನ್‌ಹಾರ್ಡ್ ರಾಡಿನ ಎರಡೂ ತುದಿ. ನನ್ನ ಗಾಡಿಯಲ್ಲಿ ಚಾಸಿ ತುದಿಯ ಬೋಲ್ಟ್ ತನ್ನ ತೂತಿನೊಳಗೆ ಟಿಕ್ ಟಿಕ್ ಎಂದು ಸರಿಯುತ್ತಿತ್ತು. ಬಿಚ್ಚಿದಾಗ ದುಂಡಗಿರಬೇಕಾದ ತೂತು ಮೊಟ್ಟೆಯಾಕಾರ ತಾಳಿತ್ತು.

ಆಮೇಲೆ ಮುಂಭಾಗವನ್ನು ಜಾಕ್‌ನಿಂದ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟು (ಬರೀ ಜಾಕ್ ನಂಬಿ ಗಾಡಿಯ ಕೆಳಗೆ ಯಾರೂ ಹೋಗಬೇಡಿ), ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಬೇಕು. ಆಟ ಕಂಡರೆ ಒಬ್ಬರು ಬ್ರೇಕ್ ಒತ್ತಲಿ. ಆಟ ಮಾಯವಾದರೆ ವೀಲ್ ಬೇರಿಂಗ್, ಉಳಿದರೆ ಚಕ್ರ ಎಡಬಲ ತಿರುಗುವ ಅಚ್ಚಾದ ಕಿಂಗ್‌ಪಿನ್. ಎಡಬಲ ಹಿಡಿದು ಅಲುಗಾಡಿಸಿದಾಗ ಮಾತ್ರ ಆಟವಿದ್ದರೆ ಟೈ ರಾಡ್ ತುದಿ.

ಬೋಲ್ಟಿನ ತೂತು ಹಾಗೇಕೆ ಅಗಲವಾಯಿತು? ಕಿಟ್ ಜೋಡಿಸಿದವರು ಆಕ್ಸಲ್ ನೇತಾಡುತ್ತಿರುವಾಗಲೇ ರಾಡ್, ತೋಳುಗಳ ಬೋಲ್ಟ್ ಬಿಗಿದಿದ್ದರು. ರಬ್ಬರ್ ಬುಷ್‌ನ ಒಳಕೊಳವೆ ಬಿಗಿದ ಜಾಗದಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ನೆಲಕ್ಕಿಳಿದಾಗ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ, ದಿನವಿಡೀ ಅದೇ ಸೆಳೆತದಲ್ಲಿದ್ದು ಬೇಗ ಹರಿಯುತ್ತದೆ, ಬೋಲ್ಟೂ ಸಡಿಲುತ್ತದೆ. ಎಲ್ಲ ಬೋಲ್ಟುಗಳನ್ನೂ ಕೈಬಿಗಿ ಮಾಡಿ, ಗಾಡಿಯನ್ನು ಇಳಿಸಿ, ಭಾರ ಚಕ್ರಗಳ ಮೇಲೆ ಬಂದ ಮೇಲೆ ಕೊನೆಯ ಬಿಗಿ ಕೊಡಬೇಕು. ಅಂಗಡಿಯಲ್ಲಿ ನಿಂತು ನೋಡುವುದಾದರೆ ಈ ಒಂದನ್ನು ನೋಡಿ.

ಡ್ಯಾಂಪರ್ ಹದಿನೈದು ದಿನ ನಡುಕ ನಿಲ್ಲಿಸಿದ್ದು ಗುಣವಲ್ಲ, ನೋವಿನ ಮಾತ್ರೆ. ಆ ಹದಿನೈದು ದಿನವೂ ಬೋಲ್ಟ್ ತೂತನ್ನು ತಿನ್ನುತ್ತಲೇ ಇತ್ತು.

ಟಕ್ ಎನ್ನುವ ಸದ್ದು, ಕೆಡುವ ಬ್ರೇಕ್

ಗುಂಡಿ ದಾಟುವಾಗ ಟಕ್ ಎಂದರೆ ಶಾಕ್ ಅಬ್ಸಾರ್ಬರಿನ ಉದ್ದ ನೋಡಬೇಕು. ಸ್ಪ್ರಿಂಗ್ ಮಾತ್ರ ಬದಲಿಸಿ ಹಳೆಯ ಶಾಕ್ ಉಳಿಸಿದರೆ ಚಕ್ರ ಕೆಳಗಿಳಿದಾಗ ಶಾಕ್ ಪೂರ್ತಿ ಚಾಚಿಕೊಂಡು ಏಟು ತಿನ್ನುತ್ತದೆ. ಅತಿ ಉದ್ದದ ಶಾಕ್ ಹಾಕಿದರೆ ಬಂಪ್ ಸ್ಟಾಪ್ ರಬ್ಬರ್ ತಗುಲುವ ಮೊದಲೇ ಶಾಕ್ ತಳ ಮುಟ್ಟಿ ತನ್ನ ಮೌಂಟನ್ನೇ ಮುರಿಯುತ್ತದೆ. ಆಕ್ಸಲ್ ಬಂಪ್ ಸ್ಟಾಪ್‌ಗೆ ಒತ್ತಿದಾಗಲೂ ಶಾಕ್‌ನಲ್ಲಿ 15ರಿಂದ 20 ಮಿ.ಮೀ. ಉಳಿದಿರಬೇಕು.

2020ರಲ್ಲಿ ಬಂದ ಥಾರ್‌ನಂತೆ ಮುಂದಿನ ಚಕ್ರಗಳು ಬೇರೆ ಬೇರೆಯಾಗಿ ಆಡುವ ಗಾಡಿಗಳ ಕಥೆಯೇ ಬೇರೆ. ಅಲ್ಲಿ ಎತ್ತರ ಹೆಚ್ಚಿದಂತೆ ಡ್ರೈವ್ ಶಾಫ್ಟಿನ ಸಿವಿ ಜಾಯಿಂಟ್, ಬಾಲ್ ಜಾಯಿಂಟುಗಳ ಕೋನ ಮಿತಿಗೆ ಹತ್ತಿರವಾಗುತ್ತದೆ. ಮೊದಲು ಹರಿಯುವುದು ರಬ್ಬರ್ ಬೂಟ್. ಚಕ್ರದ ಒಳಬದಿಯಲ್ಲಿ ಗ್ರೀಸ್ ಎರಚಿದ್ದರೆ ಅದೇ ಸುಳಿವು. ಹಳೆಯ 2010ರ ಥಾರ್‌ನಲ್ಲಿ ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಇತ್ತು. ಅದರ ಬೋಲ್ಟ್ ತಿರುಗಿಸಿ ಗಾಡಿಯನ್ನು ಏರಿಸಬಹುದು, ಆದರೆ ಬಾರ್ ಅದರಿಂದ ಗಟ್ಟಿಯಾಗುವುದಿಲ್ಲ. ಚಕ್ರ ಕೆಳಗಿಳಿಯಲು ಇದ್ದ ಜಾಗವನ್ನು ಕಳೆದುಕೊಂಡು ಸಣ್ಣ ಗುಂಡಿಗೂ ಏಟು ಬೀಳುತ್ತದೆ.

ಬ್ರೇಕಿನ ವಿಷಯದಲ್ಲಿ ಕಾಯಬೇಡಿ. ಚಾಸಿಯನ್ನು ಎತ್ತಿ ಚಕ್ರಗಳು ಪೂರ್ತಿ ನೇತಾಡುವಂತೆ ಮಾಡಿ, ಸ್ಟಿಯರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಬ್ರೇಕ್ ಹೋಸ್, ಎಬಿಎಸ್ ತಂತಿ ಎಲ್ಲೂ ಬಿಗಿಯುವುದಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಹಿಂದಿನ ಆಕ್ಸಲ್‌ಗೆ ಕಡ್ಡಿ ಜೋಡಿಸಿ, ಭಾರ ನೋಡಿ ಬ್ರೇಕ್ ಹಂಚುವ ವಾಲ್ವ್ ಇರುವ ಗಾಡಿಗಳಲ್ಲಿ ಎತ್ತರಿಸಿದ ಮೇಲೆ ಗಾಡಿ ಸದಾ ಖಾಲಿ ಇದೆ ಎಂದು ವಾಲ್ವ್ ತಿಳಿಯುತ್ತದೆ. ಹಿಂದಿನ ಬ್ರೇಕ್ ಸಪ್ಪೆಯಾಗಿ ಮೂತಿ ಕೆಳಗೆ ಮುಗ್ಗರಿಸುತ್ತದೆ. ಕಡ್ಡಿಯ ತುದಿಯನ್ನು ಎತ್ತರಿಸಿದಷ್ಟೇ ಹೊಂದಿಸಬೇಕು.

ಎಷ್ಟು ಎತ್ತರ, ಯಾವ ಕಿಟ್

ಮೇಸ್ತ್ರಿಯ ಎರಡನೆಯ ಪ್ರಶ್ನೆ ಇದು: “ತೋಟದ ದಾರಿಯಲ್ಲಿ ತಗುಲುತ್ತಿದ್ದದ್ದು ಯಾವುದು?” ಕೆಳಗೆ ಮಲಗಿ ಉಜ್ಜಿದ ಗುರುತು ಹುಡುಕಿದೆವು. ಹೆಚ್ಚಿನವು ಹಿಂದಿನ ಆಕ್ಸಲ್ ನಡುವೆ ಗೇರುಗಳಿರುವ ಡಿಫರೆನ್ಷಿಯಲ್ ಗುಂಡಿನ ತಳದಲ್ಲಿದ್ದವು.

ಇಡೀ ಆಕ್ಸಲ್ ಗಾಡಿಯನ್ನು ಕಿಟ್ ಎಷ್ಟೇ ಎತ್ತಿದರೂ ಡಿಫರೆನ್ಷಿಯಲ್ ಒಂದು ಕೂದಲಿನಷ್ಟೂ ಮೇಲೇಳುವುದಿಲ್ಲ. ಏರುವುದು ಚಾಸಿ ಮಾತ್ರ. ಆಕ್ಸಲ್ಲನ್ನು ಎತ್ತುವುದು ಟೈರ್, ಅದೂ ವ್ಯಾಸ ಹೆಚ್ಚಿದ್ದರ ಅರ್ಧದಷ್ಟು. 195/80 ಆರ್15 ಟೈರಿನ ವ್ಯಾಸ 693 ಮಿ.ಮೀ., 215/75 ಆರ್15ರದು ಸುಮಾರು 703, 235/75 ಆರ್15ರದು ಸುಮಾರು 733. ಮೊದಲನೆಯದರಿಂದ ಕೊನೆಯದಕ್ಕೆ ಹೋದರೆ ಡಿಫರೆನ್ಷಿಯಲ್ ಏರುವುದು 20 ಮಿ.ಮೀ. ಆಗ ಸ್ಪೀಡೋಮೀಟರ್ ಸುಮಾರು ಶೇಕಡಾ 6ರಷ್ಟು ಕಡಿಮೆ ತೋರಿಸುತ್ತದೆ, ಗೇರ್ ಭಾರವಾಗುತ್ತದೆ, ಸ್ಟಿಯರಿಂಗ್ ಕೊಂಡಿಗಳ ಮೇಲೆ ಹೊರೆ ಏರುತ್ತದೆ. ನನ್ನ 50 ಮಿ.ಮೀ. ಕಿಟ್ ಆ ದಿಬ್ಬಕ್ಕೆ ಔಷಧವೇ ಆಗಿರಲಿಲ್ಲ.

ಆದ್ದರಿಂದ ಉಜ್ಜಿದ ಗುರುತು ಎಲ್ಲಿದೆ ಎಂದು ಮೊದಲು ನೋಡಿ. ಆಕ್ಸಲ್ ಮೇಲಿದ್ದರೆ ಟೈರಿನ ಮಾತು. ಚಾಸಿಯ ಹೊಟ್ಟೆ, ಇಂಧನದ ಟ್ಯಾಂಕ್, ಬಂಪರ್ ಮೇಲಿದ್ದರೆ ಕಿಟ್‌ನ ಮಾತು. ಸಾಮಾನು ಹೇರಿದಾಗ ಮಾತ್ರ ತಗುಲುತ್ತದೆಯಾದರೆ ಬೇಕಿರುವುದು ಎತ್ತರವಲ್ಲ, ಸ್ಪ್ರಿಂಗಿನ ಗಟ್ಟಿತನ. ಒಂದು ಮಿ.ಮೀ. ಕುಗ್ಗಲು ತಲಾ 3 ಕೆ.ಜಿ. ಬೇಕಾಗುವ ಎರಡು ಸ್ಪ್ರಿಂಗುಗಳು ಹಿಂದೆ ಇದ್ದು, 50 ಕೆ.ಜಿ.ಯ ನಾಲ್ಕು ಡಿಎಪಿ ಚೀಲಗಳನ್ನು ಅವುಗಳ ನೇರ ಮೇಲೆ ಹೇರಿದರೆ ಗಾಡಿ 33 ಮಿ.ಮೀ. ಕೂರುತ್ತದೆ. 4 ಕೆ.ಜಿ.ಯ ಸ್ಪ್ರಿಂಗಾದರೆ 25. ಹಾಗೆಂದು ವರ್ಷಕ್ಕೆ ನಾಲ್ಕು ದಿನದ ಹೊರೆಗಾಗಿ ಅತಿ ಗಟ್ಟಿ ಸ್ಪ್ರಿಂಗ್ ಹಾಕಿದರೆ ಉಳಿದ ದಿನ ಖಾಲಿ ಗಾಡಿ ಪುಟಿಯುತ್ತದೆ.

ಜಿಪ್ಸಿಯಂತೆ ನಾಲ್ಕೂ ಕಡೆ ಪ್ಲೇಟ್ ಸ್ಪ್ರಿಂಗ್ ಇದ್ದರೆ ಉದ್ದ ಶಕಲ್ (ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ತೂಗುಹಾಕುವ ಕೊಂಡಿ) ಅಗ್ಗದ ದಾರಿ ಎನ್ನುತ್ತಾರೆ. ಶಕಲ್ 50 ಮಿ.ಮೀ. ಉದ್ದವಾದರೆ ಎತ್ತರ ಸಿಗುವುದು ಸುಮಾರು ಅರ್ಧ, ಜೊತೆಗೆ ಆಕ್ಸಲ್ ಹೊರಳುತ್ತದೆ. ಆಕ್ಸಲ್‌ಗೂ ಸ್ಪ್ರಿಂಗಿಗೂ ನಡುವೆ ಲೋಹದ ಬ್ಲಾಕ್ ಇಡುವುದಾದರೆ ಹಿಂದೆ ಮಾತ್ರ, ಅದಕ್ಕೂ ಹೊಸ ಉದ್ದನೆಯ ಯು ಬೋಲ್ಟ್ ಬೇಕು. ಮುಂದಿನ ಆಕ್ಸಲ್ ಮೇಲೆ ಬ್ಲಾಕ್ ಬೇಡವೇ ಬೇಡ.

ಕಾನೂನಿನ ಮಾತು ಬಿಡುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಭಿನ್ನವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಕಿಟ್ ಕೊಳ್ಳುವ ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿಯೂ ವಿಮಾ ಕಂಪನಿಯಲ್ಲಿಯೂ ಲಿಖಿತವಾಗಿ ಕೇಳಿ. ಜೋಗಿಮಟ್ಟಿ ವನ್ಯಜೀವಿಧಾಮ ಪಕ್ಕದಲ್ಲೇ ಇದೆ ಎಂದು ಎತ್ತರಿಸಿದ ಗಾಡಿಯನ್ನು ಅದರೊಳಗೆ ನುಗ್ಗಿಸುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅಲ್ಲಿನ ಕುರುಚಲು ಕಾಡಿನಲ್ಲಿ ಒಂದು ಟೈರಿನ ಗುರುತು ಮಾಸಲು ಎಷ್ಟೋ ಮಳೆ ಬೇಕು.

ನಾನು ಕೊನೆಗೆ ಮಾಡಿದ್ದು ಹೀಗೆ. 50ರ ಸ್ಪ್ರಿಂಗ್ ತೆಗೆಸಿ 30 ಮಿ.ಮೀ. ಸ್ಪ್ರಿಂಗ್, ಅದಕ್ಕೆ ತಕ್ಕ ಉದ್ದದ ಶಾಕ್, ಕ್ಯಾಸ್ಟರ್ ತಿದ್ದುವ ಬುಷ್, ಮುಂದೆ ಹೊಂದಿಸಬಲ್ಲ ಪ್ಯಾನ್‌ಹಾರ್ಡ್ ರಾಡ್ ಹಾಕಿಸಿದೆ. ಮೊಟ್ಟೆಯಾಕಾರವಾಗಿದ್ದ ತೂತಿನ ಎರಡೂ ಕಡೆ ದಪ್ಪ ತಗಡು ವೆಲ್ಡ್ ಮಾಡಿಸಿ ಬೋಲ್ಟಿನ ಅಳತೆಗೆ ಹೊಸ ತೂತು ಕೊರೆಸಿದೆ. ಟೈರ್ 215/75. ತೋಟದ ದಾರಿಯ ನಡುದಿಬ್ಬವನ್ನು ಬೇಸಗೆಯಲ್ಲಿ ಅರ್ಧ ದಿನ ಟ್ರ್ಯಾಕ್ಟರ್ ಕರೆಸಿ ಕೆರೆಸಿದೆ.

ಆಮೇಲೆ ಅದೇ ಸೇತುವೆಯ ಮೇಲೆ 40, 50, 60, 70 ಎಂದು ನಾಲ್ಕು ಸಲ ಹಾಯ್ದೆ. ಜೋಡುಪಟ್ಟಿ ದಡಕ್ ಎಂದಿತು, ಸ್ಟಿಯರಿಂಗ್ ಕೈಯಲ್ಲಿ ನೆಟ್ಟಗೆ ಉಳಿಯಿತು. 500 ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಟಾರ್ಕ್ ರೆಂಚ್‌ನಿಂದ ಮತ್ತೆ ನೋಡಿಸಿ, ಅಂಗಳದಲ್ಲಿ ನಿಲ್ಲಿಸಿ ಮತ್ತೊಮ್ಮೆ ಅಳೆದೆ. ಹೊಸ ಸ್ಪ್ರಿಂಗುಗಳು 4 ಮಿ.ಮೀ. ಕೂತಿದ್ದವು. ಅಂದು ಸಂಜೆ ಗಾಡಿಯನ್ನು ಗೋದಾಮಿನ ಗೋಡೆಯ ಎದುರು ನಿಲ್ಲಿಸಿ, ಮೂತಿ ಎತ್ತರವಾದ್ದರಿಂದ ಎದುರಿನವರ ಕಣ್ಣಿಗೆ ಹೊಡೆಯುತ್ತಿದ್ದ ಹೆಡ್‌ಲೈಟುಗಳನ್ನು ಕೆಳಗಿಳಿಸಿದೆ.